ಓಪೆತ್ ಹೊಸ ಆಲ್ಬಂ: ಗ್ರೌಲ್ ವಾಪಸ್ ಬಂತು ಸರಿ, ಹಾಡನ್ನ ಎಲ್ಲಿ ಹಿಡ್ಕೋಬೇಕು?

ಹಳೇ_ಕ್ಯಾಸೆಟ್

ಸ್ವೀಡನ್ನಿನ ಮೆಟಲ್ ಬ್ಯಾಂಡ್ ಓಪೆತ್ ತಂದಿರೋ ‘ದ ಲಾಸ್ಟ್ ವಿಲ್ ಆಂಡ್ ಟೆಸ್ಟಮೆಂಟ್’ ಕೇಳಿದೋರು ಇದ್ದೀರಾ? 2024ರ ಅಕ್ಟೋಬರ್ 11 ಅಂದು, ಆಮೇಲೆ ನವೆಂಬರ್ 22ಕ್ಕೆ ತಳ್ಳಿದ್ರಲ್ಲ. ಈಗ ಕೇಳಿದ್ಮೇಲೆ ಅರ್ಧ ಮನಸ್ಸು ‘ಅಬ್ಬಾ’ ಅಂತಿದೆ, ಇನ್ನರ್ಧ ತಕರಾರು ತೆಗೀತಿದೆ.

ಮೊದಲು ಖುಷಿ ವಿಷಯ, ಗ್ರೌಲ್, ಅಂದ್ರೆ ಗಂಟಲಿಂದ ಒರಟಾಗಿ ಗುಡುಗೋ ಹಾಡಿಕೆ. ಬ್ಯಾಂಡಿನ ಹಾಡುಗಾರ ಮಿಕೇಲ್ ಓಕರ್‌ಫೆಲ್ಟ್ ಸ್ಟುಡಿಯೋದಲ್ಲಿ ಗ್ರೌಲ್ ಮಾಡಿದ್ದು ಕೊನೇ ಸಲ 2008ರ ‘ವಾಟರ್‌ಶೆಡ್’ನಲ್ಲಿ. ಹೆರಿಟೇಜ್, ಪೇಲ್ ಕಮ್ಯೂನಿಯನ್, ಸಾರ್ಸರೆಸ್, ಇನ್ ಕೌಡಾ ವೆನೆನಮ್, ನಾಲ್ಕೂ ಬರೀ ಕ್ಲೀನ್ (ಮಾಮೂಲಿ ಹಾಡೋ ದನಿ). ಹದಿನಾರು ವರ್ಷ ಆದ್ಮೇಲೂ ದನಿ ಸವೆದಿಲ್ಲ. ಒಂದೊಂದು ಅಕ್ಷರ ಬಿಡಿಸಿ ಕೇಳ್ಸುತ್ತೆ.

ತಕರಾರು ಏನಂದ್ರೆ ಹಾಡು ಕೈಗೇ ಸಿಗ್ತಿಲ್ಲ. ಮುಂಚೆ ಹತ್ತು ಹನ್ನೊಂದು ನಿಮಿಷದ ಹಾಡಲ್ಲಿ ಒಂದು ರಿಫ್ (ಮತ್ತೆ ಮತ್ತೆ ಬರೋ ಗಿಟಾರ್ ತುಣುಕು) ಕೊಟ್ರೆ ಅದರಲ್ಲೇ ಕೂರಿಸ್ತಿದ್ರು. ಇಲ್ಲಿ ಒಟ್ಟು 51 ನಿಮಿಷ, ಎಂಟು ಹಾಡು, ಯಾವುದೂ ಎಂಟು ನಿಮಿಷ ಮುಟ್ಟಲ್ಲ. ಆದ್ರೂ ಒಂದೊಂದರಲ್ಲಿ ಹತ್ತು ತುಂಡು. ಇಷ್ಟ ಆಯ್ತು ಅನ್ನೋಷ್ಟರಲ್ಲಿ ಆ ತುಂಡು ಮುಗಿದಿರುತ್ತೆ, ತಿರುಗಿ ಬರೋದೂ ಇಲ್ಲ. ಹೆಸರಾದ್ರೂ ಇಟ್ಟಿದ್ರೆ ನೆನಪಿರ್ತಿತ್ತು: §1, §2, §3. ನಿಮಗೆ ಹೇಗನ್ನಿಸ್ತು, ಎಲ್ಲಿಂದ ಶುರು ಮಾಡಿದ್ರೆ ಒಳಗೆ ಹೋಗಬಹುದು?

ಡಬಲ್_ಕಿಕ್

§3ರಿಂದ ಶುರು ಮಾಡಿ. ಚಿಕ್ಕದು, ಬಿಗಿ ಇದೆ. ಆಮೇಲೆ §7. §5 ಕೊನೆಗಿಡಿ, ಅದೇ ಉದ್ದದ್ದು, ತಿರುವೂ ಜಾಸ್ತಿ.

ಕರಾವಳಿ_ಡೂಮ್

ಬೇಡ ಮಾರಾಯ್ರೆ, ಹಾಗೆ ಹೆಕ್ಕಿ ಹೆಕ್ಕಿ ಕೇಳಿದ್ರೆ ಏನೂ ಸಿಗ್ಲಿಕ್ಕಿಲ್ಲ. ಇದು ಉಯಿಲು ಓದುವ ಸಭೆ. ಮೊದಲನೇ ಮಹಾಯುದ್ಧ ಮುಗಿದ ಮೇಲಿನ ಕಾಲ, ದೊಡ್ಡ ಬಂಗಲೆ, ಯಜಮಾನ ಸತ್ತಿದ್ದಾನೆ, ಮಕ್ಕಳನ್ನು ಕೂರಿಸಿ ಉಯಿಲು ಓದ್ತಾರೆ. ಇಬ್ಬರು ಅವಳಿ, ಮೂರನೆಯವಳು ಪೋಲಿಯೋ ಆದ ಹುಡುಗಿ. ಇವಳು ಇಲ್ಲಿ ಯಾಕೆ ಕೂತದ್ದು ಅಂತ ಅವಳಿಗಳಿಗೆ ಸಿಟ್ಟು. ಏಳು § ಅಂದ್ರೆ ಉಯಿಲಿನ ಏಳು ಪ್ಯಾರಾ. ಎಂಟನೆಯದಕ್ಕೆ ಮಾತ್ರ ಹೆಸರುಂಟು, ‘ಎ ಸ್ಟೋರಿ ನೆವರ್ ಟೋಲ್ಡ್’, ಯಾಕಂದ್ರೆ ಅದು ಉಯಿಲಿನ ಹೊರಗಿನ ಸಂಗತಿ.

ಪಲ್ಲವಿ ತಿರುಗಿ ಬರುದಿಲ್ಲ ಅಂತ ನಿಮ್ಮ ದೂರಲ್ವಾ? ಉಯಿಲಿನಲ್ಲಿ ಒಂದೇ ಕಲಮನ್ನು ಎರಡು ಸಲ ಯಾರಾದ್ರೂ ಬರೀತಾರಾ? ತಾಳಮದ್ದಳೆ ಹಾಗೆ ಕೇಳಿ. ಪದ ಆಯ್ತು, ಅರ್ಥ ಆಯ್ತು, ಪ್ರಸಂಗ ಮುಂದೆ ಹೋಯ್ತು. ಸಾಹಿತ್ಯದ ಹಾಳೆ ಎದುರಿಗೆ ಇಟ್ಕೊಳ್ಳದೆ ಕೂರ್ಲೇಬೇಡಿ.

ಹಳೇ_ಕ್ಯಾಸೆಟ್

ಹಾಗಾದ್ರೆ ಗ್ರೌಲ್ ಅಂದ್ರೆ ಸತ್ತ ಅಪ್ಪ, ಕ್ಲೀನ್ ಅಂದ್ರೆ ಮಕ್ಕಳು ಅಂತ ಹಂಚ್ಕೊಂಡು ಕೇಳಬಹುದಾ?

ಕರಾವಳಿ_ಡೂಮ್

ಹಾಗೆ ಹಂಚಿದ್ರೆ §1ರಲ್ಲೇ ತಪ್ಪುತ್ತದೆ. ಒಂದೇ ಮನುಷ್ಯ ಒಂದೇ ವಾಕ್ಯದಲ್ಲಿ ಕ್ಲೀನ್‌ನಿಂದ ಗ್ರೌಲ್‌ಗೆ ಜಾರ್ತಾನೆ. ಲೆಕ್ಕಾಚಾರ, ಆಸ್ತಿ ಹಂಚಿಕೆಯ ಭಾಷೆ ಇರುವಲ್ಲಿ ಓದುವ ದನಿ. ತನಗೆ ತಾನೇ ಸಮಾಧಾನ ಹೇಳ್ಕೊಳ್ಳುವಲ್ಲಿ ಕ್ಲೀನ್. ಹೆಂಡತಿ ಮೇಲೆ, ಅವಳಿಗಳ ಮೇಲೆ ವಿಷ ಕಾರುವಲ್ಲಿ ಗ್ರೌಲ್. ಮೂರೂ ಸತ್ತವನದ್ದೇ. ಅದಕ್ಕೇ ನಾನು ಹೇಳುದು, ಇದು ‘ಹಳೇ ಓಪೆತ್ ವಾಪಸ್’ ಅಲ್ಲ. ಈ ಕತೆಗೆ ಒಬ್ಬ ಕೆಟ್ಟ ಮುದುಕ ಬೇಕಿತ್ತು, ಅವನಿಗೆ ಆ ದನಿ ಬೇಕಿತ್ತು. ಕೊನೇ ಹಾಡಲ್ಲಿ ಅವನಿಲ್ಲ. ಗ್ರೌಲೂ ಇಲ್ಲ.

ಮೆಲ್ಲೋಟ್ರಾನ್_ಮಂಜ

+1. ‘ಡೆತ್ ಮೆಟಲ್‌ಗೆ ವಾಪಸ್’ ಅಂತ ತಲೆಬರಹ ಹಾಕಿದೋರು ರಿಫ್ ಕಡೆ ಕಿವಿ ಕೊಟ್ಟಿಲ್ಲ. ಗ್ರೌಲ್ ತೆಗೆದು ನೋಡಿ, ಕೆಳಗೆ ಇರೋದು ‘ಇನ್ ಕೌಡಾ ವೆನೆನಮ್’ನ ಮುಂದಿನ ಭಾಗ: ಹ್ಯಾಮಂಡ್, ಮೆಲ್ಲೋಟ್ರಾನ್, ತಂತಿವಾದ್ಯಗಳ ಮೇಳ.

ಗುಂಡಾಗಿರಿ_ಗ್ರೌಲ್

ಅದು ನಿಮ್ಮ ಅಭಿಪ್ರಾಯ ಗುರು. ನನಗೆ ಬೇಕಿದ್ದಿದ್ದು ಅವರ ಹಳೇ ಆಲ್ಬಂ ಬ್ಲ್ಯಾಕ್‌ವಾಟರ್ ಪಾರ್ಕ್ ಭಾಗ ಎರಡು. ಸಿಗ್ಲಿಲ್ಲ. ಮಧ್ಯ ಮಧ್ಯ ಕೊಳಲು ಬೇರೆ.

ಮೆಲ್ಲೋಟ್ರಾನ್_ಮಂಜ

ಆ ಕೊಳಲು ಊದಿರೋದು ಜೆಥ್ರೋ ಟಲ್‌ನ ಇಯಾನ್ ಆಂಡರ್ಸನ್ ಕಣಪ್ಪ! §4 ಮತ್ತು §7ರಲ್ಲಿ ಕೊಳಲು, ಉಯಿಲು ಓದೋ ಮಾತಿನಲ್ಲೂ ಅವರದೇ ದನಿ. §4ರಲ್ಲಿ ಹಾರ್ಪ್ ನಿಂತು ಕೊಳಲು ಶುರುವಾಗೋ ಜಾಗ ಹೆಡ್‌ಫೋನಲ್ಲಿ ಕೇಳು. ಸ್ವಚ್ಛ ನಾದ ಅಲ್ಲ, ಊದೋವಾಗಲೇ ಗಂಟಲಿಂದ ಗುನುಗೋದು, ಆ ಒರಟು. ಅದರ ಬೆನ್ನಿಗೇ ಗ್ರೌಲ್ ಬರುತ್ತೆ. ಇನ್ನೂ ಇದಾರೆ: §2ರಲ್ಲಿ ಹಿಂದೆ ಹಾಡೋದು ಯೂರೋಪ್ ಬ್ಯಾಂಡಿನ ಜೋಯಿ ಟೆಂಪೆಸ್ಟ್. §1ರ ಹುಡುಗಿ ದನಿ ಓಕರ್‌ಫೆಲ್ಟ್ ಮಗಳದು.

ಬಸವನಗುಡಿ_ಬೇಸ್

ಓಪೆತ್‌ನಲ್ಲಿ ಮೊದಲ ಸಲ ಕೊಳಲು, ಅಲ್ವಾ?

ಮೆಲ್ಲೋಟ್ರಾನ್_ಮಂಜ

ಅಲ್ಲ. 2011ರ ಹೆರಿಟೇಜ್‌ನಲ್ಲಿ ‘ಫ್ಯಾಮಿನ್’ ಹಾಡಿಗೆ ಸ್ವೀಡನ್‌ನ ಬ್ಯೋರ್ನ್ ಯಾಸನ್ ಲಿಂಡ್ ಊದಿದ್ರು.

ಸುಮ್ನೆ_ಓದೋಳು

ತಂತಿವಾದ್ಯ ಅಂದ್ರಲ್ಲ, ಅದರಲ್ಲಿ ಯಾವುದು ನಿಜವಾದ ವಯಲಿನ್, ಯಾವುದು ಮೆಲ್ಲೋಟ್ರಾನ್ ಅಂತ ಹೇಗೆ ಗೊತ್ತಾಗುತ್ತೆ? ನನಗೆ ಎರಡೂ ಒಂದೇ ಥರ.

ಮೆಲ್ಲೋಟ್ರಾನ್_ಮಂಜ

ಒಳ್ಳೇ ಪ್ರಶ್ನೆ ಮೇಡಂ. ಮೆಲ್ಲೋಟ್ರಾನ್ ಅಂದ್ರೆ ಪ್ರತಿ ಮನೆಯ (ಕೀ) ಕೆಳಗೂ ಒಂದು ಟೇಪ್ ಇರೋ ಕೀಬೋರ್ಡ್. ಮನೆ ಒತ್ತಿದ್ರೆ ಟೇಪ್ ಓಡುತ್ತೆ, ಸುಮಾರು 8 ಸೆಕೆಂಡಿಗೆ ಮುಗಿಯುತ್ತೆ. ಬಿಟ್ಟಾಗ ಸ್ಪ್ರಿಂಗ್ ಎಳೆದು ಮೊದಲಿಗೆ ತರುತ್ತೆ. ಹಾಗಾಗಿ 8 ಸೆಕೆಂಡ್ ಒಳಗೆ ಕಾರ್ಡ್ (ಒಟ್ಟಿಗೆ ಒತ್ತಿದ ಸ್ವರಗಳು) ಬದಲಿಸಲೇಬೇಕು. ಟೇಪ್ ಓಡೋ ವೇಗ ಚೂರು ಅಲುಗಿದ್ರೂ ಶ್ರುತಿ ಅಲುಗುತ್ತೆ, ಆ ನಡುಕ ಒಂದು ಗುರುತು. ಇನ್ನೊಂದು, ಒತ್ತುವ ಬಲಕ್ಕೆ ತಕ್ಕ ಹಾಗೆ ದನಿ ಏರಿಳಿಯಲ್ಲ, ಒಂದೇ ಮಟ್ಟ. ಈಗಿನ ಡಿಜಿಟಲ್ ಮಾದರಿಯಲ್ಲಿ ಟೇಪ್ ಇಲ್ಲ, ಆದ್ರೆ ಸ್ಯಾಂಪಲ್ ಅದೇ ಹಳೇ ಟೇಪಿನದು, ಅದಕ್ಕೇ ನಡುಕ ಹಾಗೇ ಉಳಿದಿದೆ.

ನಿಜವಾದ ಮೇಳದಲ್ಲಿ ಬಿಲ್ಲು ತಾಗೋ ಸದ್ದು ಇರುತ್ತೆ, ಒಂದೇ ಸ್ವರದೊಳಗೆ ಮೆಲ್ಲಗಿಂದ ಜೋರಿಗೆ ಏರೋದು ಇರುತ್ತೆ. §5ರ ಮಧ್ಯದ ಅರಬ್ ಛಾಯೆಯ ಭಾಗ ತಗೊಳ್ಳಿ, ಅಲ್ಲಿ ತಂತಿಗಳು ಜಾರಿ ಜಾರಿ ಏರ್ತವೆ. ಮೆಲ್ಲೋಟ್ರಾನ್‌ಗೆ ಅದು ಆಗದ ಮಾತು. ಮೇಳದ ಅರೇಂಜ್‌ಮೆಂಟ್ ಡೇವ್ ಸ್ಟೂವರ್ಟ್ ಮತ್ತು ಓಕರ್‌ಫೆಲ್ಟ್ ಸೇರಿ ಮಾಡಿದ್ದು.

ಗುಂಡಾಗಿರಿ_ಗ್ರೌಲ್

ಯೂರಿದ್ಮಿಕ್ಸ್ ಡೇವ್ ಸ್ಟೂವರ್ಟಾ? ಪಾಪ್ ಮನುಷ್ಯ ಇಲ್ಲಿಗೆ ಹೇಗೆ ಬಂದ?

ಮೆಲ್ಲೋಟ್ರಾನ್_ಮಂಜ

ಆ ಸ್ಟೂವರ್ಟ್ ಬೇರೆ, ಈ ಸ್ಟೂವರ್ಟ್ ಬೇರೆ. ಇವರು ಎಗ್, ಹ್ಯಾಟ್‌ಫೀಲ್ಡ್ ಆಂಡ್ ದ ನಾರ್ತ್ ಬ್ಯಾಂಡುಗಳ ಕೀಬೋರ್ಡ್ ವಾದಕ. ಹೆಸರು ಒಂದೇ ಇರೋದ್ರಿಂದ ಎಲ್ಲರೂ ಎಡವೋ ಜಾಗ ಇದು.

ಉತ್ತರ_ಧ್ರುವ

ಎಲ್ಲಾರೂ ಹಾಡವನ ಬಗ್ಗೆ ಮಾತಾಡಾಕತ್ತೀರಿ, ಡ್ರಮ್ ಬಡಿಯೋ ಹುಡುಗನ ಬಗ್ಗೆ ಯಾರೂ ಬಾಯಿ ಬಿಡವಲ್ರಿ. ವಾಲ್ತೆರಿ ವಾಯ್ರಿನೆನ್, ಫಿನ್‌ಲ್ಯಾಂಡಿನಂವ, ಮೊದಲ ಪ್ಯಾರಡೈಸ್ ಲಾಸ್ಟ್‌ನ್ಯಾಗ ಇದ್ದ. 2022ಕ್ಕ ಓಪೆತ್ ಸೇರಿದ, ಸ್ಟುಡಿಯೋದಾಗ ಇದ ಮೊದಲ ಆಲ್ಬಂ. ಹಿಂದಿನ ಡ್ರಮ್ಮರ್ ಮಾರ್ಟಿನ್ ಆಕ್ಸೆನ್‌ರೋಟ್ ಬಡದ್ರ ಗ್ವಾಡಿ ನಡಗತಿತ್ತು, ಖರೇ. ಈ ಹುಡುಗ ಸಣ್ಣ ಪೆಟ್ಟಿನ್ಯಾಗ ಆಟ ಆಡ್ತಾನ. ಸ್ನೇರ್ (ನಡುವಿನ ಸಣ್ಣ ಡ್ರಮ್) ಮ್ಯಾಲಿನ ಘೋಸ್ಟ್ ನೋಟ್ ಕೇಳ್ರಿ. ದೊಡ್ಡ ಪೆಟ್ಟು ಎರಡು, ಅವುಗಳ ನಡುವ ಕೇಳೂ ಕೇಳದಂಥಾ ನಾಕು ಪೆಟ್ಟು. ಜಾಝ್ ಕಲತವನ ಕೈ ಅದು. ಹಾಡು ಹಿಡಿಯಾಕ ಬರವಲ್ದು ಅಂದ್ರಲ್ಲ, ರಿಫ್ ಬಿಡ್ರಿ, ಡ್ರಮ್ ಹಿಡೀರಿ.

ಹಳೇ_ಕ್ಯಾಸೆಟ್

ಅದೇ ಕಷ್ಟ ಸಾರ್. ಎಣಿಸಕ್ಕೆ ಹೋದ್ರೆ ಎಲ್ಲೋ ಒಂದು ಪೆಟ್ಟು ಕಳೆದುಹೋಗುತ್ತೆ.

ಲಯ_ಲಹರಿ

ಎಣಿಸೋ ಕ್ರಮ ಹೇಳ್ತೀನಿ, ಬರೆದಿಟ್ಕೊಳ್ಳಿ.

ಕಿಕ್ ಡ್ರಮ್ (ಕಾಲಲ್ಲಿ ಬಾರಿಸೋ ದೊಡ್ಡ ಡ್ರಮ್) ಹಿಂದೆ ಹೋಗಬೇಡಿ. ಈ ಥರ ಸಂಗೀತದಲ್ಲಿ ಕಿಕ್ ಯಾವಾಗಲೂ ಗಿಟಾರ್ ಜೊತೆ ಓಡುತ್ತೆ, ಲಯ ಅಲ್ಲಿ ಸಿಗಲ್ಲ. ಹೈ-ಹ್ಯಾಟ್ ಅಥವಾ ರೈಡ್ (ಡ್ರಮ್ ಸೆಟ್ಟಿನ ಲೋಹದ ತಟ್ಟೆಗಳು) ಹಿಡೀರಿ, ಅದು ಸಾಮಾನ್ಯವಾಗಿ ಸಮವಾಗಿ ಎಂಟನೇ ನೋಟ್ (ಪೆಟ್ಟಿಗೆ ಎರಡರಂತೆ ಬೀಳೋದು) ಬಿಡ್ತಿರುತ್ತೆ. ರಿಫ್‌ನ ಮೊದಲ ಸ್ವರ ಎಲ್ಲಿ ಬೀಳುತ್ತೋ ಅಲ್ಲಿ ‘ತ’ ಇಡಿ. ಅದೇ ಸ್ವರ ಮತ್ತೆ ಬರೋವರೆಗೆ ಹ್ಯಾಟ್ ಪೆಟ್ಟು ಎಣಿಸಿ. 5 ಬಂದ್ರೆ ತಕ ತಕಿಟ. 7 ಬಂದ್ರೆ ತಕಿಟ ತಕದಿಮಿ. 11 ಬಂದ್ರೆ ತಕದಿಮಿ ತಕದಿಮಿ ತಕಿಟ. ಅಂಕಿ ಬಾಯಲ್ಲಿ ಹೇಳೋದಕ್ಕಿಂತ ಸೊಲ್ಲು ಹೇಳೋದು ಸಲೀಸು, ಒತ್ತು ಎಲ್ಲಿ ಬೀಳಬೇಕು ಅಂತ ಅದೇ ತೋರಿಸುತ್ತೆ.

ಪೆಟ್ಟು ಕಳೆದುಹೋಗೋದು ಯಾಕೆ ಅಂದ್ರೆ ಎರಡು ಕಾರಣ. ಒಂದು, 7ನ್ನ 8 ಅಂದ್ಕೊಂಡು ಕಾಲು ತಟ್ಟೋದು. ಮೂರನೇ ಸುತ್ತಿಗೆ ಕಾಲು ಬೇರೆ, ಹಾಡು ಬೇರೆ. ಎರಡು, ಗಿಟಾರ್ ಒಂದು ಲೆಕ್ಕದಲ್ಲಿ, ಸ್ನೇರ್ ಇನ್ನೊಂದು ಲೆಕ್ಕದಲ್ಲಿ ಇರೋದು. ಗಿಟಾರ್ 7/8 (ಸುತ್ತಿಗೆ ಏಳು ಎಂಟನೇ ನೋಟ್), ಸ್ನೇರ್ 4/4 (ಬಾರಿಗೆ ಎಂಟು) ಅಂದ್ಕೊಳ್ಳಿ, ಇಬ್ಬರೂ ‘ಒಂದು’ ಮೇಲೆ ಸೇರೋದು 56 ಎಂಟನೇ ನೋಟ್ ಆದ್ಮೇಲೆ, ಅಂದ್ರೆ ರಿಫ್ 8 ಸುತ್ತು, ಡ್ರಮ್ 7 ಬಾರ್. ಅಲ್ಲೀವರೆಗೆ ಇಬ್ಬರಲ್ಲಿ ಒಬ್ಬರನ್ನ ಮಾತ್ರ ಹಿಡ್ಕೊಂಡಿರಬೇಕು. ವೇಗ 0.75ಕ್ಕೆ ಇಳಿಸಿ ಕೇಳಿದ್ರೆ ತಪ್ಪೇನಿಲ್ಲ.

ಮೃದಂಗ_ಮೆಟಲ್

ಒಂದು ತಿದ್ದುಪಡಿ. 7/8 ಅಂದ ತಕ್ಷಣ ಕೆಲವರು ‘ಮಿಶ್ರ ನಡೆ’ ಅಂತಾರೆ, ಹಾಗಲ್ಲ. ನಡೆ ಅಂದ್ರೆ ಒಂದು ಅಕ್ಷರದ ಒಳಗೆ ಎಷ್ಟು ಮಾತ್ರೆ ಅನ್ನೋದು. ಇದಕ್ಕೆ ಹತ್ತಿರ ಬರೋದು ಮಿಶ್ರ ಚಾಪು, 3+4. ಐದಕ್ಕೆ ಖಂಡ ಚಾಪು, 2+3. ತಿಶ್ರ ನಡೆ ಬೇಕಂದ್ರೆ 12/8 ಬೀಳೋ ಕಡೆ ನೋಡಿ. ಇನ್ನೊಂದು ವಿಷಯ: ತಕಿಟ ತಕದಿಮಿ ಮತ್ತು ತಕದಿಮಿ ತಕಿಟ ಎರಡೂ ಏಳೇ, ಆದ್ರೆ ಸ್ನೇರ್ ನಾಲ್ಕನೇ ಮಾತ್ರೆಗೆ ಬಿದ್ರೆ ಮೊದಲನೇದು, ಐದನೇದಕ್ಕೆ ಬಿದ್ರೆ ಎರಡನೇದು. ಉಲ್ಟಾ ಹಿಡಿದ್ರೆ ಲೆಕ್ಕ ಸರಿಯಿರುತ್ತೆ, ತೂಗು ಇರಲ್ಲ.

ಲಯ_ಲಹರಿ

ಸರಿ ಸ್ವಾಮಿ, ಚಾಪು ಅಂತಲೇ ಇರ್ಲಿ 🙏

ಬಸವನಗುಡಿ_ಬೇಸ್

ಬೇಸ್ ಬಗ್ಗೆ ನಾನೇ ಹೇಳ್ಬೇಕಾಯ್ತು. ಮಾರ್ಟಿನ್ ಮೆಂಡೆಸ್ ಇಷ್ಟು ಮುಂದೆ ಕೇಳಿಸಿದ ಮಿಕ್ಸ್ ಕಮ್ಮಿ. §1ರ ಶುರುವಿನಲ್ಲೇ ಹೆಜ್ಜೆ ಸದ್ದು ಆದ್ಮೇಲೆ ಬೇಸ್, ಡ್ರಮ್ ಎರಡೇ ಹೊತ್ಕೊಂಡು ಹೋಗ್ತವೆ. ಆದ್ರೆ ‘ಬೇಸ್ ಬೂಸ್ಟ್’ ಇರೋ ಇಯರ್‌ಫೋನಲ್ಲಿ ಇದೇ ಮೊದಲು ಸಾಯೋದು. ಬೂಸ್ಟ್ ಮಾಡೋದು ನೂರು ಹರ್ಟ್ಸ್ ಆಸುಪಾಸು, ಅಲ್ಲಿ ಕಿಕ್ಕೂ ಇದೆ, ಎರಡೂ ಸೇರಿ ಗೊಜ್ಜಾಗುತ್ತೆ. ಬೆರಳು ತಂತಿಗೆ ತಾಗೋ ಸದ್ದು ಇರೋದು 700ರಿಂದ 1000 ಹರ್ಟ್ಸ್ ಹತ್ರ. ಈಕ್ವಲೈಸರ್‌ನಲ್ಲಿ 100–200 ಹರ್ಟ್ಸ್ 2–3 ಡೆಸಿಬೆಲ್ ಇಳಿಸಿ, 800ರ ಹತ್ರ 2 ಡೆಸಿಬೆಲ್ ಏರಿಸಿ. ಅಷ್ಟೇ ಸಾಕು, ಜಾಸ್ತಿ ಏರಿಸಿದ್ರೆ ಗಿಟಾರ್ ಮೂಗಿನಲ್ಲಿ ಮಾತಾಡೋ ಹಾಗೆ ಆಗುತ್ತೆ.

ಸೌಂಡ್_ಸಾವಧಾನ

ಅದಕ್ಕಿಂತ ಮುಂಚೆ ಶಫಲ್ ಆಫ್ ಮಾಡಿ, ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಗೆ ಮುಂದಿನದು ಬೆರೆಯೋದು) ಸೊನ್ನೆ ಮಾಡಿ. ಕಾರಣ ಬರೀ ಕತೆ ಕೆಡುತ್ತೆ ಅಂತಲ್ಲ. ಸ್ಪಾಟಿಫೈ ದನಿಯನ್ನ ಸಾಮಾನ್ಯವಾಗಿ -14 ಎಲ್‌ಯುಎಫ್‌ಎಸ್‌ಗೆ (ಇದು ಜೋರಿನ ಅಳತೆ) ಸಮ ಮಾಡುತ್ತೆ. ಆಲ್ಬಂ ಸಾಲಾಗಿ ಹಾಕಿದ್ರೆ ಇಡೀ ಆಲ್ಬಂಗೆ ಒಂದೇ ಅಳತೆ, ಮೆಲ್ಲನೆ ಹಾಡು ಮೆಲ್ಲಗೇ ಇರುತ್ತೆ. ಶಫಲ್‌ನಲ್ಲಿ ಒಂದೊಂದು ಹಾಡಿಗೂ ಬೇರೆ ಅಳತೆ. ಆಗ ಕೊನೇ ಬ್ಯಾಲಡ್ಡು §3ರಷ್ಟೇ ಜೋರಾಗಿ ಬಂದು ಕೂರುತ್ತೆ. ಇಳಿಯೋದು ಏರೋದೇ ಜೀವಾಳ ಆಗಿರೋ ಆಲ್ಬಂಗೆ ಇದು ದ್ರೋಹ.

ಸುಮ್ನೆ_ಓದೋಳು

ಈ ದನಿ ಸಮ ಮಾಡೋ ನಾರ್ಮಲೈಸೇಶನ್ ಪೂರ್ತಿ ಆಫ್ ಮಾಡಿದ್ರೆ?

ಸೌಂಡ್_ಸಾವಧಾನ

ಇನ್ನೂ ಒಳ್ಳೇದು, ಆದ್ರೆ ಮುಂದಿನ ಪಾಡ್‌ಕಾಸ್ಟ್ ಹಾಕೋ ಮುಂಚೆ ವಾಲ್ಯೂಮ್ ನೋಡ್ಕೊಳ್ಳಿ.

ಗುಂಡಾಗಿರಿ_ಗ್ರೌಲ್

ಈಕ್ವಲೈಸರ್, ಎಲ್‌ಯುಎಫ್‌ಎಸ್, ಚಾಪು! ಮೆಟಲ್ ಕೇಳಕ್ಕೆ ಇಂಜಿನಿಯರಿಂಗ್ ಓದ್ಬೇಕಾ? ಯಾರಾದ್ರೂ ಗ್ರೌಲ್ ಬಗ್ಗೆ ಹೇಳ್ರಪ್ಪ. ಐವತ್ತು ವಯಸ್ಸಿಗೆ ಈ ಥರ ಹೇಗೆ ಬರುತ್ತೆ? ಸ್ಟುಡಿಯೋ ಮ್ಯಾಜಿಕ್ಕಾ?

ಕಂಠೀರವ_ಕೋರ್

ಮ್ಯಾಜಿಕ್ ಏನಿಲ್ಲ. ಆಲ್ಬಂಗಳಲ್ಲಿ ಬಿಟ್ಟಿದ್ದ ಅಷ್ಟೇ, ವೇದಿಕೆ ಮೇಲೆ ಹಳೇ ಹಾಡುಗಳಿಗೆ ಮಾಡ್ತಾನೇ ಇದ್ದ. ಅಭ್ಯಾಸ ತಪ್ಪಿಲ್ಲ.

ತಂತ್ರ ಏನಂದ್ರೆ ನಿಜವಾದ ಸ್ವರತಂತುಗಳ ಮೇಲೆ ಇನ್ನೊಂದು ಜೊತೆ ಮಡಿಕೆ ಇದೆ, ಫಾಲ್ಸ್ ಕಾರ್ಡ್ ಅಂತಾರೆ. ಭಾರವಾಗಿ ನಿಟ್ಟುಸಿರು ಬಿಡೋವಾಗ ಅದು ಅದುರುತ್ತೆ. ಗ್ರೌಲ್ ಅಂದ್ರೆ ಅದನ್ನ ಹೊಟ್ಟೆಯ ಉಸಿರಿನಿಂದ ಹಿಡಿದಿಡೋದು. ಹೊರಗೆ ಕೇಳಿಸೋಷ್ಟು ಜೋರು ಅದು ಇರೋದೇ ಇಲ್ಲ, ಮೈಕು ಕಂಪ್ರೆಸರ್ ಸೇರಿ ದೊಡ್ಡದು ಮಾಡ್ತವೆ. ಬಾಯಿ ‘ಓ’ ಆಕಾರ ಮಾಡಿದ್ರೆ ಆಳ, ‘ಈ’ ಮಾಡಿದ್ರೆ ತೆಳು.

ಕಲಿಯೋರು ಹಾಳು ಮಾಡ್ಕೊಳ್ಳೋದು ಮೂರು ಕಡೆ. ಜೋರಾಗಿ ಕೂಗಿ ಶುರು ಮಾಡೋದು. ಗಂಟಲು ಬಿಗಿದು ಗಾಳಿ ತಳ್ಳೋದು, ಕಚಗುಳಿ ಥರ ಕೆಮ್ಮು ಬಂದ್ರೆ ಅಲ್ಲಿಗೇ ನಿಲ್ಲಿಸಬೇಕು, ನೋವು ಬರೋವರೆಗೆ ಕಾಯಬಾರದು. ಮೂರನೇದು, ಮೈಕಿನ ತಲೆ ಮುಷ್ಟಿಯಲ್ಲಿ ಮುಚ್ಚೋದು. ಕೇಳಕ್ಕೆ ಆಳ ಅನ್ನಿಸುತ್ತೆ, ನಿಜವಾಗಿ ವ್ಯಂಜನಗಳೆಲ್ಲ ಸತ್ತು ಫೀಡ್‌ಬ್ಯಾಕ್ ಶುರುವಾಗುತ್ತೆ. ಓಕರ್‌ಫೆಲ್ಟ್ ದನಿಯಲ್ಲಿ ‘ಟ’, ‘ಕ’, ‘ಸ’ ಸ್ಪಷ್ಟ ಕೇಳೋದು ಯಾಕೆ ಅಂದ್ರೆ ಮಾತು ಹುಟ್ಟೋದು ನಾಲಿಗೆ ತುದಿಯಲ್ಲಿ, ಒರಟು ಮಾತ್ರ ಗಂಟಲಲ್ಲಿ. ಉಯಿಲು ಓದೋ ಪಾತ್ರಕ್ಕೆ ಅದು ಬೇಕೇ ಬೇಕು, ಒಂದು ಮಾತೂ ತಪ್ಪಬಾರದಲ್ಲ.

ಉತ್ತರ_ಧ್ರುವ

ಭಾರಿ ಹೇಳಿದ್ರಿ ಸರ.

ಲಾಯರ್_ಸಾಹೇಬ್ರು

ಉಯಿಲಿನ ವಿಷಯ ಬಂತು, ಸುಮ್ಮನಿರಕ್ಕಾಗ್ತಿಲ್ಲ. ಕತೆಯ ತಿರುಳು ಇದು (ಕೇಳದೇ ಇರೋರು ಈ ಪೋಸ್ಟ್ ಬಿಟ್ಟು ಮುಂದೆ ಹೋಗಿ): ಅವಳಿಗಳು ಹೆಂಡತಿಗೆ ಬೇರೆಯವನಿಂದ ಹುಟ್ಟಿದವರು. ಹುಡುಗಿ ಮನೆಗೆಲಸದವಳಲ್ಲಿ ತನಗೆ ಹುಟ್ಟಿದವಳು ಅಂತ ಯಜಮಾನನ ನಂಬಿಕೆ. ಅವಳಿಗಳಿಗೆ ಚಿಪ್ಪು, ಆಸ್ತಿಯೆಲ್ಲ ಹುಡುಗಿಗೆ. ಎಂಟನೇ ಹಾಡಲ್ಲಿ ಕಾಗದ ಬರುತ್ತೆ: ಅವಳೂ ಅವನ ಮಗಳಲ್ಲ.

ಕತೆ ಯಾವ ದೇಶದ್ದು ಅಂತ ಹೇಳಿಲ್ಲ. ಬ್ಯಾಂಡಿನ ಸ್ವೀಡನ್‌ನಲ್ಲಾದ್ರೆ ಈ ಉಯಿಲು ಪೂರ್ತಿ ನಡೆಯಲ್ಲ. ಅಲ್ಲಿ ಮಕ್ಕಳ ಕಾನೂನಿನ ಪಾಲಿನಲ್ಲಿ ಅರ್ಧವನ್ನ ಉಯಿಲು ಮುಟ್ಟೋ ಹಾಗಿಲ್ಲ. ಮದುವೆಯೊಳಗೆ ಹುಟ್ಟಿದವರು ಗಂಡನ ಮಕ್ಕಳೇ ಅಂತ ಊಹೆ ಇರೋದ್ರಿಂದ, ಅದನ್ನ ಯಾರೂ ಮುರಿಯದಿದ್ರೆ ಅವಳಿಗಳು ಆ ಅರ್ಧ ಕಿತ್ಕೊಳ್ಳೋರು. 1920ರ ದಶಕದ ಇಂಗ್ಲೆಂಡ್ ಆದ್ರೆ ಮುದುಕ ಗೆದ್ದ. ಮನೆಯವರನ್ನ ಪೂರ್ತಿ ಕೈಬಿಟ್ರೆ ಕೋರ್ಟಿಗೆ ಹೋಗಬಹುದು ಅನ್ನೋ ಕಾಯ್ದೆ ಅಲ್ಲಿ ಬಂದಿದ್ದೇ 1938ರಲ್ಲಿ.

ಬಸವನಗುಡಿ_ಬೇಸ್

ನಮ್ಮಲ್ಲಿ?

ಲಾಯರ್_ಸಾಹೇಬ್ರು

ಹಿಂದೂ ಆಗಿದ್ದು ಸ್ವಯಾರ್ಜಿತ ಆಸ್ತಿ ಆದ್ರೆ ಯಾರಿಗೆ ಬೇಕಾದ್ರೂ ಬರೀಬಹುದು. ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯ ಅಲ್ಲ, ಆದ್ರೆ ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು (ಭಾರತೀಯ ಉತ್ತರಾಧಿಕಾರ ಕಾಯ್ದೆ 1925, ಕಲಂ 63). ಎಷ್ಟೋ ಉಯಿಲು ಬೀಳೋದು ಇಲ್ಲೇ. ಇನ್ನು ‘ನನ್ನ ಮಗಳು ಇಂಥವಳಿಗೆ’ ಅಂತ ಬರೆದು, ಆಮೇಲೆ ಮಗಳಲ್ಲ ಅಂತ ಗೊತ್ತಾದ್ರೂ, ಯಾರನ್ನ ಉದ್ದೇಶಿಸಿದ್ದ ಅನ್ನೋದು ಸ್ಪಷ್ಟ ಇದ್ರೆ ವರ್ಣನೆಯ ತಪ್ಪಿನಿಂದ ಉಯಿಲು ಸಾಯಲ್ಲ, ಕಲಂ 76. ಹಾಗಾಗಿ ಆ ಕಾಗದ ಬಂದ್ರೂ ಬಂಗಲೆ ಹುಡುಗಿ ಹತ್ರಾನೇ.

ಕರಾವಳಿ_ಡೂಮ್

ಅದೇ ಅಲ್ವಾ ಕೊನೇ ಹಾಡಿನ ವಿಷ! ಆಸ್ತಿ ಅವಳದ್ದೇ, ರಕ್ತ ಅಂತ ಮುದುಕ ಅಷ್ಟು ಹೊತ್ತು ಹಾರಾಡಿದ್ದು ಮಾತ್ರ ಸುಳ್ಳು.

ಡಬಲ್_ಕಿಕ್

ಥ್ರೆಡ್ ಸಬ್‌ರಿಜಿಸ್ಟ್ರಾರ್ ಆಫೀಸ್ ಕಡೆ ಹೊರಟಿದೆ, ಯಾರಾದ್ರೂ ತಿರುಗಿಸ್ರಪ್ಪ 😂

ಹಳೇ_ಕ್ಯಾಸೆಟ್

ತಿರುಗಿಸ್ತೀನಿ. ಸಾಹಿತ್ಯ ಮುಂದಿಟ್ಕೊಂಡು ಕೂತ್ರೆ ತುಂಡುಗಳು ಯಾಕೆ ಹಾಗಿವೆ ಅಂತ ಕಾಣ್ತಿದೆ, ಒಪ್ಪಿದೆ. ಆದ್ರೂ ಒಂದು ಮಾತು ಬಿಡಲ್ಲ. §6ರಲ್ಲಿ ಇನ್ನೊಂದು ನಿಮಿಷ ನಿಂತಿದ್ರೆ ಏನೂ ಮುಳುಗ್ತಿರಲಿಲ್ಲ. ಅವರದೇ ಹಳೇ ‘ಡೆಲಿವರನ್ಸ್’ ಹಾಡಿನ ಕೊನೇ ರಿಫ್ ನಿಮಿಷಗಟ್ಟಲೆ ಸುತ್ತಿದ್ರೂ ಯಾರಿಗೂ ಬೇಜಾರಾಗಿಲ್ಲ.

ಮೆಲ್ಲೋಟ್ರಾನ್_ಮಂಜ

ಇದು ನ್ಯಾಯವಾದ ತಕರಾರು. ಕತೆಗಾಗಿ ರಿಫ್‌ಗಳನ್ನ ಬೇಗ ಬೇಗ ಓಡಿಸಿದ್ದಾರೆ.

ಗುಂಡಾಗಿರಿ_ಗ್ರೌಲ್

ಅದನ್ನೇ ನಾನು ಮೊದಲಿಂದ ಹೇಳ್ತಿರೋದು!

ಕರಾವಳಿ_ಡೂಮ್

ನೀವು ಹೇಳಿದ್ದು ಕೊಳಲು ಬೇಡ ಅಂತ.

ಮಡಿಕೇರಿ_ಮಂಜು

ಬೇರೆ ಸಮಸ್ಯೆ. ಸಿಡಿಯಿಂದ ಕಂಪ್ಯೂಟರಿಗೆ ಹಾಕ್ಕೊಂಡೆ. ಕಾರಿನ ಪ್ಲೇಯರಲ್ಲಿ § ಮುಂದೆ ಟೋಪಿ ಹಾಕಿದ ‘ಎ’ ಅಕ್ಷರ ಬರ್ತಿದೆ, ‘ಎ ಸ್ಟೋರಿ ನೆವರ್ ಟೋಲ್ಡ್’ ಎಲ್ಲಕ್ಕಿಂತ ಮೊದಲು ಓಡ್ತಿದೆ.

ಸೌಂಡ್_ಸಾವಧಾನ

ಎರಡು ಬೇರೆ ಬೇರೆ ರೋಗ. ಟೋಪಿ ‘ಎ’ ಬರೋದು ಟ್ಯಾಗ್ (ಫೈಲಿನೊಳಗೆ ಬರೆದಿರೋ ಹಾಡಿನ ಹೆಸರು) ಯುಟಿಎಫ್-8ನಲ್ಲಿದ್ದು ಪ್ಲೇಯರ್ ಅದನ್ನ ಹಳೇ ಲ್ಯಾಟಿನ್-1 ಅಂತ ಓದೋದ್ರಿಂದ. ಯುಟಿಎಫ್-8ನಲ್ಲಿ § ಎರಡು ಬೈಟ್, ಪ್ಲೇಯರ್ ಅವನ್ನ ಎರಡು ಅಕ್ಷರ ಅಂದ್ಕೊಳ್ಳುತ್ತೆ. ಎಂಪಿ3 ಆದ್ರೆ ಟ್ಯಾಗ್ ಎಡಿಟರಲ್ಲಿ ಐಡಿ3 ಆವೃತ್ತಿ 2.3, ಯುಟಿಎಫ್-16 ಅಂತ ಆರಿಸಿ ಮತ್ತೆ ಸೇವ್ ಮಾಡಿ. ಹಳೇ ಕಾರ್ ಪ್ಲೇಯರ್‌ಗಳಲ್ಲಿ 2.4 ಸರಿಯಾಗಿ ಓದದೇ ಇರೋವು ಬಹಳ.

ಕ್ರಮ ತಪ್ಪೋದು ಫೈಲ್ ಹೆಸರಿನ ಪ್ರಕಾರ ಜೋಡಿಸೋದ್ರಿಂದ. ‘ಎ’ ಅಕ್ಷರ § ಚಿಹ್ನೆಗಿಂತ ಮುಂಚೆ ಬರುತ್ತೆ. ಫೈಲ್ ಹೆಸರಿನ ಮುಂದೆ 01ರಿಂದ 08ರವರೆಗೆ ಸಂಖ್ಯೆ ಹಾಕಿ. ಪೆನ್‌ಡ್ರೈವ್ ಆದ್ರೆ ಎಲ್ಲ ಅಳಿಸಿ ಅದೇ ಕ್ರಮದಲ್ಲಿ ಒಂದೊಂದಾಗಿ ಕಾಪಿ ಮಾಡಿ. ಕೆಲವು ಪ್ಲೇಯರ್ ಹೆಸರು ನೋಡೋದೇ ಇಲ್ಲ, ಕಾಪಿ ಆದ ಕ್ರಮ ನೋಡ್ತವೆ.

ಸುಮ್ನೆ_ಓದೋಳು

ಹುಡುಕಕ್ಕೆ § ಟೈಪ್ ಮಾಡೋದೇ ನನ್ನ ಕಷ್ಟ.

ಡಬಲ್_ಕಿಕ್

ಐಫೋನಲ್ಲಿ & ಒತ್ತಿ ಹಿಡೀರಿ, ಬರುತ್ತೆ. ವಿಂಡೋಸ್‌ನಲ್ಲಿ ಆಲ್ಟ್ ಒತ್ತಿ ನಂಬರ್ ಪ್ಯಾಡಲ್ಲಿ 0167.

ಉತ್ತರ_ಧ್ರುವ

ಓಪೆತ್ ಮಂದಿ 2009ಕ್ಕ ಚೆನ್ನೈ ಐಐಟಿ ಕಾಲೇಜು ಹಬ್ಬ ಸಾರಂಗ್‌ಗ ಬಂದಿದ್ರಲ್ಲ, ಆವಾಗಿನ ಸೆಟ್‌ಲಿಸ್ಟ್ ಯಾರ ಹತ್ರರ ಐತೇನ್ರಿ? ಬೇರೆ ಥ್ರೆಡ್ ತಗದ್ರೂ ನಡೀತೈತಿ.

ಗುಂಡಾಗಿರಿ_ಗ್ರೌಲ್

ತೆಗೀರಿ ಸಾರ್, ಅಲ್ಲಿ ಕೊಳಲು ಇರಲ್ಲ.